ಹಳೇ ಗಿಟಾರಿಗೆ ಉದ್ಯಮಬಾಗದ ಕುದುರೆ

ಜೂನ್ ತಿಂಗಳ ಮಳೆ. ಸಂಜೆ ಆರು ಗಂಟೆಗೆ ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ ಮುಂದೆ ಒಂದು ಆಟೋ ನಿಂತಿತು. ಪ್ಲಾಸ್ಟಿಕ್ ಹಾಳೆ ಸುತ್ತಿದ ಉದ್ದನೆಯ ಪೆಟ್ಟಿಗೆ ಹಿಡಿದುಕೊಂಡು ಕಾಕಾ ಇಳಿದರು. ಅವರು ಪೂರ್ತಿ ತೊಯ್ದಿದ್ದರು, ಪೆಟ್ಟಿಗೆ ಮಾತ್ರ ಒಣಗಿತ್ತು.

"ತಮ್ಮಾ, ಇದರ ದನಿ ಹೋಗೇತಿ. ಸ್ವಲ್ಪ ನೋಡು."

ಕಾಕಾ ನನ್ನ ಸ್ವಂತ ಚಿಕ್ಕಪ್ಪ ಅಲ್ಲ. ಅಪ್ಪನ ಗೆಳೆಯರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1980ರ ದಶಕದಲ್ಲಿ ಗಣಪತಿ ಮಂಡಳಗಳ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಬಾರಿಸುತ್ತಿದ್ದರು. ಈ ಗಿಟಾರನ್ನು 1981ರಲ್ಲಿ ಮಡಗಾಂವದಲ್ಲಿ ಕೊಂಡಿದ್ದರು. ಹಡಗಿನ ಬ್ಯಾಂಡಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ ಗೋವಾದವರೊಬ್ಬರು ಮಾರಿದ್ದು. ಲೋಂಡಾ ಮೇಲೆ ಬರುವ ರೈಲಿನಲ್ಲಿ ರಾತ್ರಿಯಿಡೀ ತೊಡೆ ಮೇಲೆ ಇಟ್ಟುಕೊಂಡು ತಂದೆ ಅಂತ ಅವರು ಈಗಲೂ ಹೇಳುತ್ತಾರೆ.

ಗಿಟಾರ್ ಜಪಾನಿನದು. ಕುತ್ತಿಗೆಯನ್ನು ಒಡಲಿಗೆ ಬಿಗಿದಿರುವ ಹಿಂದಿನ ಉಕ್ಕಿನ ತಗಡಿನ ಮೇಲೆ ಹಾಗೆ ಒತ್ತಿದ್ದಾರೆ. ತಲೆ ಮೇಲಿನ ಕಂಪನಿ ಹೆಸರು ಉಜ್ಜಿ ಹೋಗಿದೆ. ಆಕಾರ ಅಮೆರಿಕದ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನದು, ಆದರೆ ಗಿಬ್ಸನ್ ಅಲ್ಲ. 1970ರ ದಶಕದಲ್ಲಿ ಜಪಾನಿನ ಮಾತ್ಸುಮೊಟೊ ಊರಿನ ಸುತ್ತಮುತ್ತ ಇಂಥ ಗಿಟಾರುಗಳು ರಾಶಿ ರಾಶಿಯಾಗಿ ತಯಾರಾಗುತ್ತಿದ್ದವು. ಫುಜಿಗೆನ್, ಮಾತ್ಸುಮೊಕು ಕಾರ್ಖಾನೆಗಳು ಅಲ್ಲಿಯವು. ನಕಲು ಎಷ್ಟು ಚೆನ್ನಾಗಿತ್ತು ಅಂದರೆ, 1977ರಲ್ಲಿ ಗಿಬ್ಸನ್‌ನ ಒಡೆತನದ ಕಂಪನಿ ಅಮೆರಿಕದಲ್ಲಿ ಜಪಾನಿನ ಐಬನೆಜ್ ಗಿಟಾರುಗಳ ವಿತರಕರ ಮೇಲೆ ಕೇಸು ಹಾಕಿತು. ಜಗಳ ತಲೆಯ ಆಕಾರದ ಬಗ್ಗೆ. ಮರುವರ್ಷ ಕೋರ್ಟಿನ ಹೊರಗೇ ರಾಜಿ ಆಯಿತು. ಕಾಕಾನ ಗಿಟಾರಿನ ತಲೆಯೂ ಅದೇ ಬಿಚ್ಚಿಟ್ಟ ಪುಸ್ತಕದ ಆಕಾರದ್ದು.

ಮೇಜಿನ ಮೇಲೆ ಇಟ್ಟು ಬಾರಿಸಿ ನೋಡಿದೆ. ಎರಡೂ ಅಂಚಿನ ಇ ತಂತಿಗಳು ಫ್ರೆಟ್‌ನಿಂದ, ಅಂದರೆ ಕುತ್ತಿಗೆ ಮೇಲಿನ ಅಡ್ಡ ಲೋಹದ ಪಟ್ಟಿಗಳಿಂದ, ಬಹಳ ಮೇಲಿದ್ದವು, ಒತ್ತಿದರೆ ಬೆರಳು ನೋಯುತ್ತಿತ್ತು. ನಡುವಿನ ಡಿ ಮತ್ತು ಜಿ ತಂತಿಗಳು ಅಷ್ಟೇ ಕೆಳಗೆ, ಎಲ್ಲಿ ಒತ್ತಿದರೂ ಝರ್ ಅನ್ನುತ್ತಿದ್ದವು. ತೆಳ್ಳನೆಯ ಇ ತಂತಿ ತಿಂಗಳಿಗೊಮ್ಮೆ ಹರಿಯುತ್ತದೆ, ಅದೂ ಯಾವಾಗಲೂ ಒಂದೇ ಜಾಗದಲ್ಲಿ ಅಂದರು. ಜಿ ತಂತಿ 12ನೇ ಫ್ರೆಟ್ ಹತ್ತಿರ ಹೋದಂತೆ ಏರು ಸ್ವರ ಕೊಡುತ್ತಿತ್ತು. ಕಣ್ಣು ಹತ್ತಿರ ತಂದು ನೋಡಿದಾಗ ಕಾರಣ ಕಂಡಿತು. ಜಿ ತಂತಿಯ ಕೆಳಗೆ ಇರಬೇಕಾದ ಸ್ಯಾಡಲ್ ಅಲ್ಲಿರಲೇ ಇಲ್ಲ. ಆ ಜಾಗದಲ್ಲಿ ಸೈಕಲ್ ಸ್ಪೋಕಿನ ಒಂದು ತುಂಡು ಅಡ್ಡ ಇತ್ತು.

ತಂಬೂರಿ, ವೀಣೆಗಳಲ್ಲಿ ತಂತಿ ಹೊರುವ ಭಾಗಕ್ಕೆ ನಾವು ಕುದುರೆ ಅಂತೀವಿ. ಗಿಟಾರಿನ ಬ್ರಿಜ್ ಅಂದರೂ ಅದೇ. ಈ ಗಿಟಾರಿನ ಕುದುರೆ ಟ್ಯೂನ್-ಓ-ಮ್ಯಾಟಿಕ್ ಅನ್ನುವ ಜಾತಿಯದು. ಗಿಬ್ಸನ್ ಕಂಪನಿ 1954ರಲ್ಲಿ ಲೆಸ್ ಪಾಲ್ ಕಸ್ಟಮ್ ಗಿಟಾರಿನ ಮೇಲೆ ತಂದಿದ್ದು, ಟೆಡ್ ಮೆಕಾರ್ಟಿ ಆ ಕಂಪನಿಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ. ಅದರ ಮಾದರಿ ಹೆಸರು ಎಬಿಆರ್-1. ಮರದಲ್ಲಿ ತಿರುಪಿ ನಿಲ್ಲಿಸಿದ ಎರಡು ಪೋಸ್ಟುಗಳು, ಅವುಗಳ ಮೇಲೆ ಎತ್ತರ ಏರಿಸಿ ಇಳಿಸಲು ಎರಡು ಪುಟ್ಟ ಚಕ್ರಗಳು, ಚಕ್ರಗಳ ಮೇಲೆ ಕೂತ ಲೋಹದ ಸೇತುವೆ. ಅದರೊಳಗೆ ತಂತಿಗೊಂದರಂತೆ ಆರು ಸ್ಯಾಡಲ್. ಸ್ಯಾಡಲ್ ಅಂದರೆ ಜೀನು. ಕುದುರೆ ಮೇಲೆ ಜೀನು, ಹೆಸರು ಎಷ್ಟು ಸರಿಯಾಗಿ ಕೂತಿದೆ ಅಲ್ವಾ!

ಪ್ರತಿ ಜೀನನ್ನೂ ಒಂದು ಸ್ಕ್ರೂ ಹಿಂದೆ ಮುಂದೆ ಸರಿಸುತ್ತದೆ. ಇದು ಯಾಕೆ ಬೇಕು? ಈ ಗಿಟಾರಿನ ತಂತಿಯ ಉದ್ದ 24.75 ಇಂಚು, ಅಂದರೆ ಸುಮಾರು 628 ಎಂಎಂ. ಲೆಕ್ಕದ ಪ್ರಕಾರ 12ನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, 314 ಎಂಎಂಗೆ ಬರುತ್ತದೆ. ಆದರೆ ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಬಿಗಿಯಾಗಿ ಸ್ವರ ಏರುತ್ತದೆ. ಆ ಏರಿಕೆ ಸರಿದೂಗಿಸಲು ತಂತಿ ಕೊಂಚ ಉದ್ದ ಬೇಕು. ಯಾವ ತಂತಿಗೆ ಎಷ್ಟು ಅನ್ನುವುದು ಅದರ ದಪ್ಪದ ಮೇಲೆ ಹೋಗುತ್ತದೆ. ಸ್ಪೋಕಿನ ತುಂಡಿಗೆ ಸ್ಕ್ರೂ ಇಲ್ಲ, ಅದು ತನಗೆ ಬೇಕಾದಲ್ಲಿ ಕೂತಿತ್ತು. ಅಲ್ಲಿ ಸ್ವರ ಹೇಗೆ ಸರಿ ಬಂದೀತು?

ಜೀನು ಕಳೆದ ಕಥೆಯನ್ನೂ ಕಾಕಾ ಹೇಳಿದರು. ಒಂದು ವರ್ಷ ಗಣಪತಿ ಕಾರ್ಯಕ್ರಮದಲ್ಲಿ ಹಾಡಿನ ನಡುವೆ ಜಿ ತಂತಿ ಹರಿಯಿತು. ಜೀನು ಹಾರಿ ಪೆಂಡಾಲಿನ ಹಲಗೆಗಳ ಸಂದಿಯಲ್ಲಿ ಬಿತ್ತು. ಮರುದಿನ ಹುಡುಕಿದರೂ ಸಿಗಲಿಲ್ಲ. ಮೊದಮೊದಲಿನ ಎಬಿಆರ್-1ಗಳಲ್ಲೂ ಇದೇ ತೊಂದರೆ ಇತ್ತು. ತಂತಿ ಹರಿದರೆ ಜೀನನ್ನು ಹಿಡಿಯುವವರೇ ಇರಲಿಲ್ಲ. ಅದಕ್ಕೇ 1962ರ ಸುಮಾರಿಗೆ ಗಿಬ್ಸನ್‌ನವರು ಸ್ಕ್ರೂಗಳ ತಲೆ ಮೇಲೆ ಅಡ್ಡ ಒಂದು ಸಣ್ಣ ಸರಿಗೆ ಹಾಕಲು ಶುರು ಮಾಡಿದರು. ಕಾಕಾನ ಕುದುರೆಯಲ್ಲಿ ಆ ಸರಿಗೆಗೆ ತೂತುಗಳಿವೆ, ಸರಿಗೆ ಎಂದೋ ಬಿದ್ದುಹೋಗಿದೆ.

ತಂತಿಗಳನ್ನು ಬಿಚ್ಚಿ ಕುದುರೆಯನ್ನು ಮೇಜಿನ ಗಾಜಿನ ಮೇಲೆ ಬೋರಲು ಇಟ್ಟು ಉಕ್ಕಿನ ಪಟ್ಟಿ ಹಿಡಿದೆ. ಪಟ್ಟಿ ನಡುವಿಗೆ ತಾಗಿತು, ತುದಿಗಳ ಕಡೆ ಬೆಳಕು ಕಂಡಿತು. ಸಂದಿ ಅಳೆಯುವ ಫೀಲರ್ ಗೇಜಿನ 0.6 ಎಂಎಂ ಎಲೆ ಸಲೀಸಾಗಿ ದಾಟಿತು. ಕುದುರೆ ನಡುವಿನಲ್ಲಿ ಕುಸಿದಿತ್ತು.

0.6 ಎಂಎಂ ಅಂದರೆ ಏನು ಮಹಾ ಅನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಗಿಟಾರಿನ ಬೆರಳುಪಟ್ಟಿ ಚಪ್ಪಟೆ ಇರುವುದಿಲ್ಲ, ಅಡ್ಡಕ್ಕೆ ಬಿಲ್ಲಿನಂತೆ ಬಾಗಿರುತ್ತದೆ. ರಟ್ಟಿನಲ್ಲಿ 12 ಇಂಚು ತ್ರಿಜ್ಯದ ಕಮಾನು ಕತ್ತರಿಸಿ ಫ್ರೆಟ್‌ಗಳ ಮೇಲಿಟ್ಟೆ, ಸರಿಯಾಗಿ ಕೂತಿತು. ಕುದುರೆ ಮೇಲೆ ತಂತಿಗಳ ನಡುವಿನ ಅಂತರ 10 ಎಂಎಂ, ಮೊದಲಿನಿಂದ ಕೊನೆಯವರೆಗೆ 50. ಇಷ್ಟು ಅಗಲಕ್ಕೆ ಆ ಕಮಾನು ಹಿಡಿದರೆ ಡಿ, ಜಿ ತಂತಿಗಳು ಎರಡೂ ಇ ತಂತಿಗಳಿಗಿಂತ ಸುಮಾರು 1 ಎಂಎಂ ಮೇಲಿರಬೇಕು. ಎ, ಬಿ ತಂತಿಗಳು 0.65ರಷ್ಟು. ಆ 1 ಎಂಎಂನಲ್ಲಿ 0.6 ಕುಸಿತಕ್ಕೇ ಹೋಗಿತ್ತು. ನಡುವಿನ ತಂತಿಗಳು ಝರ್ ಅನ್ನುತ್ತವೆ ಅಂತ ಕಾಕಾ ಚಕ್ರ ತಿರುಗಿಸಿ ಇಡೀ ಕುದುರೆಯನ್ನೇ ಎತ್ತಿದ್ದರು. ಅದರಿಂದ ಅಂಚಿನ ತಂತಿಗಳು ಮುಗಿಲು ಮುಟ್ಟಿದ್ದವು, ನಡುವಿನವು ಅಷ್ಟಕ್ಕಷ್ಟೇ.

ಕುಸಿದಿದ್ದು ಯಾಕೆ? ಹಳೇ ಕುದುರೆ ಸತುವಿನ ಮಿಶ್ರಲೋಹದ ಅಚ್ಚು. ಈ ಲೋಹಕ್ಕೆ ಒಂದು ಗುಣ ಇದೆ: ಬಿಡದೆ ಭಾರ ಹೊರಿಸಿದರೆ ಕೋಣೆಯ ಸಾಮಾನ್ಯ ಶಾಖದಲ್ಲೂ ವರ್ಷಗಟ್ಟಲೆ ಮೆಲ್ಲಗೆ ಬಾಗುತ್ತಾ ಹೋಗುತ್ತದೆ. 10ರಿಂದ 46ರ (ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ) ತಂತಿಗಳ ಒಂದು ಸೆಟ್ಟಿನ ಒಟ್ಟು ಎಳೆತ 45 ಕೆಜಿ ಹತ್ತಿರ. ಅದರಲ್ಲಿ ಎಷ್ಟು ಪಾಲು ಕುದುರೆಯನ್ನು ಕೆಳಗೆ ಒತ್ತುತ್ತದೆ ಅನ್ನುವುದು ತಂತಿ ಕುದುರೆ ದಾಟಿ, ಅದರ ತುದಿ ಸಿಕ್ಕಿಸುವ ಹಿಂದಿನ ಟೇಲ್‌ಪೀಸಿಗೆ ಇಳಿಯುವ ಕೋನಕ್ಕೆ ಬಿಟ್ಟಿದ್ದು. ಕೋನ 15 ಡಿಗ್ರಿ ಇದ್ದರೆ ಸುಮಾರು 12 ಕೆಜಿ. ಕಾಕಾ ಟೇಲ್‌ಪೀಸನ್ನು ಮರಕ್ಕೆ ತಾಗುವಷ್ಟು ಬಿಗಿದಿದ್ದರು, ದನಿ ಜಾಸ್ತಿ ಹೊತ್ತು ನಿಲ್ಲುತ್ತದೆ ಅಂತ ಆಗ ಯಾರೋ ಹೇಳಿದ್ದರಂತೆ. ಕೋನ ಕಡಿದಾಗಿತ್ತು. ದಪ್ಪ ತಂತಿಗಳು ಕುದುರೆಯ ಹಿಂದಿನ ಅಂಚಿಗೆ ಉಜ್ಜಿ ಅಲ್ಲೂ ಗೆರೆ ಬಿದ್ದಿತ್ತು. ನಲವತ್ತು ವರ್ಷ ಹೀಗೇ ನಡೆದಿದೆ.

ಇಲ್ಲಿಂದ ನಾನು ಮಾಡಿದ ತಪ್ಪುಗಳು ಶುರು. ಅವನ್ನು ಮುಚ್ಚಿಟ್ಟರೆ ಈ ಪ್ರಕರಣ ಬರೆದು ಉಪಯೋಗವಿಲ್ಲ.

ಕುದುರೆ ತಾನೆ, ಆನ್‌ಲೈನಿನಲ್ಲಿ ಸಿಗುತ್ತದೆ ಅಂತ ಅಂದು ರಾತ್ರಿಯೇ ಆರ್ಡರ್ ಹಾಕಿದೆ. 900 ರೂಪಾಯಿ. ಚಿತ್ರ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತಿತ್ತು. ನಾಲ್ಕು ದಿನಕ್ಕೆ ಬಂತು. ಅದು ನ್ಯಾಶ್‌ವಿಲ್ ಜಾತಿಯ ಕುದುರೆ. ಗಿಬ್ಸನ್ 1970ರ ದಶಕದ ನಡುವೆ ಬಳಕೆಗೆ ತಂದ ಎರಡನೇ ಮಾದರಿ. ಒಡಲು ಅಗಲ, ಜೀನುಗಳಿಗೆ ಸರಿಯಲು ಜಾಗ ಜಾಸ್ತಿ, ಅದರ ಮಟ್ಟಿಗೆ ಒಳ್ಳೆಯದೇ. ಆದರೆ ಅದರ ಪೋಸ್ಟುಗಳು ನೇರ ಮರಕ್ಕೆ ಹೋಗುವುದಿಲ್ಲ. ಮರದಲ್ಲಿ ದೊಡ್ಡ ತೂತು ಕೊರೆದು, ಅದರಲ್ಲಿ ಲೋಹದ ಬುಷ್ (ಒಳಗೆ ತಿರುಪಿನ ಸುತ್ತುಗಳಿರುವ ಕೊಳವೆ) ಬಡಿದು, ಬುಷ್‌ಗೆ 8 ಎಂಎಂ ಪೋಸ್ಟ್ ತಿರುಪಬೇಕು. ನಮ್ಮ ಗಿಟಾರಿನಲ್ಲಿ ಇರುವುದು ಪೆನ್ಸಿಲಿಗಿಂತ ಸಣ್ಣ ಪೋಸ್ಟ್.

ಪರಿಚಯದ ಒಬ್ಬರಿಗೆ ತೋರಿಸಿದೆ. ಅವರೂ ವಾದ್ಯ ರಿಪೇರಿ ಮಾಡುತ್ತಾರೆ. "ಡ್ರಿಲ್ ಹಚ್ಚಿಬಿಡ್ರಿ, ಹತ್ತು ನಿಮಿಷದ ಕೆಲಸ" ಅಂದರು. ಕಾಕಾ ಪಕ್ಕದಲ್ಲೇ ಕೂತಿದ್ದರು. ಏನೂ ಮಾತಾಡಲಿಲ್ಲ. ಬೆರಳ ತುದಿಯಿಂದ ಪೋಸ್ಟಿನ ಸುತ್ತಲಿನ ಮರವನ್ನು ಮುಟ್ಟಿ ನೋಡಿದರು. ಆ ಜಾಗದಲ್ಲಿ ವಾರ್ನಿಷ್ ಒಂದು ಚೂರೂ ಒಡೆದಿಲ್ಲ. ಆಮೇಲೆ ಗಿಟಾರನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ನನಗೆ ಅಷ್ಟೇ ಸಾಕಾಯಿತು. ಕುದುರೆ ಬದಲಾದರೆ ಮತ್ತೆ ಬದಲಾಯಿಸಬಹುದು. ಮರದಲ್ಲಿ ಕೊರೆದ ತೂತನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಭಾಗ ಗಿಟಾರಿಗೆ ಹೊಂದಬೇಕು, ಗಿಟಾರನ್ನು ಕೊರೆದು ಭಾಗಕ್ಕೆ ಹೊಂದಿಸಬಾರದು. ಇದನ್ನೇ ಗಟ್ಟಿ ಮಾಡಿಕೊಂಡು ಮುಂದಿನ ಎಲ್ಲಾ ತೀರ್ಮಾನ ತೆಗೆದುಕೊಂಡೆ.

ಎರಡನೇ ಆರ್ಡರ್ ಸ್ವಲ್ಪ ಓದಿಕೊಂಡು ಹಾಕಿದೆ. ಎಬಿಆರ್-1 ಮಾದರಿಯದೇ, ಅಮೆರಿಕದಿಂದ. ಸುಂಕ ಎಲ್ಲಾ ಸೇರಿ 6,800 ರೂಪಾಯಿ. ಕೈಗೆ ಬಂದಾಗ ಖುಷಿಯಾಯಿತು, ಹಳೆಯದರ ಪಕ್ಕ ಇಟ್ಟರೆ ಅದೇ ಮುಖ. ಚಕ್ರವನ್ನು ಪೋಸ್ಟಿಗೆ ತಿರುಪಲು ಹೋದೆ. ಮೊದಲ ಸುತ್ತೇ ಹಿಡಿಯಲಿಲ್ಲ.

ಆಗ ಮಾಡಿದ ಕೆಲಸವನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ದಪ್ಪ ನೋಡುವ ವರ್ನಿಯರ್ ಮತ್ತು ತಿರುಪಿನ ಸುತ್ತು (ಥ್ರೆಡ್) ನೋಡುವ ಪಿಚ್ ಗೇಜ್ ತೆಗೆದುಕೊಂಡು ಅಳೆದೆ. ಕಾಕಾನ ಗಿಟಾರಿನ ಪೋಸ್ಟ್ ಎಂ4: ದಪ್ಪ 4 ಎಂಎಂ, ಥ್ರೆಡ್‌ನಿಂದ ಥ್ರೆಡ್‌ಗೆ 0.7 ಎಂಎಂ. ಜಪಾನಿನ ಅಳತೆ ಮೆಟ್ರಿಕ್. ಅಮೆರಿಕದ ಎಬಿಆರ್-1ದು 6-32 ಅನ್ನುವ ಇಂಚಿನ ಥ್ರೆಡ್: ದಪ್ಪ 3.5 ಎಂಎಂ, ಇಂಚಿಗೆ 32 ಸುತ್ತು, ಅಂದರೆ ಸುತ್ತಿಗೆ 0.79 ಎಂಎಂ. ಕಣ್ಣಿಗೆ ಎರಡೂ ಒಂದೇ. ಒಂದಕ್ಕೊಂದು ಎಂದೂ ಕೂಡುವುದಿಲ್ಲ.

ಪೋಸ್ಟುಗಳ ನಡುವಿನ ಅಂತರವನ್ನೂ ಅಳೆದೆ. ಮಧ್ಯದಿಂದ ಮಧ್ಯಕ್ಕೆ ಕಣ್ಣಂದಾಜಿನಲ್ಲಿ ಸ್ಕೇಲ್ ಇಟ್ಟರೆ ತಪ್ಪುತ್ತದೆ. ಸುಲಭ ದಾರಿ ಅಂದರೆ, ಎರಡು ಪೋಸ್ಟುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿಯಿರಿ, ಬಂದಿದ್ದರಲ್ಲಿ ಒಂದು ಪೋಸ್ಟಿನ ದಪ್ಪ ಕಳೆಯಿರಿ. ನನಗೆ 77 ಬಂತು. 4 ಕಳೆದರೆ 73. ತರಿಸಿದ ಕುದುರೆಯದು 74. ಹಳೇ ಚಕ್ರಗಳನ್ನೇ ಇಟ್ಟುಕೊಂಡು ಹೊಸ ಕುದುರೆಯ ತೂತು ದೊಡ್ಡದು ಮಾಡಬಹುದಿತ್ತು. ಆದರೆ 1 ಎಂಎಂ ವ್ಯತ್ಯಾಸಕ್ಕೆ ತೂತು ಮೊಟ್ಟೆಯಾಕಾರ ಆಗುತ್ತದೆ, ಕುದುರೆ ಅಲ್ಲಾಡುತ್ತದೆ. ಅಷ್ಟು ದುಡ್ಡಿನ ವಸ್ತುವನ್ನು ಹಾಗೆ ಕೆಡಿಸಲು ಮನಸ್ಸಾಗಲಿಲ್ಲ. ವಾಪಸ್ ಕಳಿಸಿದೆ. ಹೋಗಿ ಬರುವ ಸಾಗಣೆ ಖರ್ಚು ಕೈಬಿಟ್ಟಿತು.

ಜುಲೈ ನಡುವೆ ಬಂದಿತ್ತು. ಕಾಕಾ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಗಿಟಾರಿನ ಬಗ್ಗೆ ಕೇಳುತ್ತಿರಲಿಲ್ಲ. ಮಳೆ ಹೆಂಗೈತಿ, ಊಟ ಆತೇನು ಅಂತ ಕೇಳಿ ಇಡುತ್ತಿದ್ದರು. ಅದು ನನಗೆ ಇನ್ನೂ ಕಷ್ಟ ಅನಿಸುತ್ತಿತ್ತು.

ಒಂದು ದಿನ ಖಾನಾಪುರ ರಸ್ತೆಯಲ್ಲಿ ಹೋಗುವಾಗ ಉದ್ಯಮಬಾಗದ ಹತ್ತಿರ ಗಾಡಿ ನಿಧಾನ ಮಾಡಿದೆ. ಬೆಳಗಾವಿಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮ ಊರು ಫೌಂಡ್ರಿಗಳ ಊರು, ಲೇಥ್ ಮಶೀನುಗಳ ಊರು. ಉದ್ಯಮಬಾಗದ ಶೆಡ್ಡುಗಳಲ್ಲಿ ಹೈಡ್ರಾಲಿಕ್ ಪಂಪು, ವಾಲ್ವುಗಳ ಭಾಗಗಳು ತಯಾರಾಗುತ್ತವೆ. ಎಣ್ಣೆ ಒಂದು ಹನಿ ಸೋರದಂತೆ, ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಕೆಲಸ ಮಾಡುವ ಕೈಗಳು ಅಲ್ಲಿವೆ. ಆರು ಜೀನು ಹೊರುವ ಒಂದು ಕುದುರೆಗಾಗಿ ನಾನು ಅಮೆರಿಕದವರೆಗೂ ಹೋಗಿ ಬಂದೆ, ಮನೆಯಿಂದ ಹದಿನೈದು ನಿಮಿಷದ ಉದ್ಯಮಬಾಗ ನೆನಪಾಗಲಿಲ್ಲ.

ಒಂದು ಶೆಡ್ಡಿಗೆ ಹೋದೆ. ಮಾಲೀಕರೇ ಲೇಥ್ ನಡೆಸುವ ಟರ್ನರ್ ಕೂಡ, ಅರವತ್ತು ದಾಟಿದವರು. ಅಲ್ಲಿನ ಹುಡುಗರೆಲ್ಲ ಮಾಮಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಕುದುರೆಯನ್ನು ಕೈಗೆ ಕೊಟ್ಟೆ. ಇದೇನು ಅಂತ ಅವರು ಕೇಳಲಿಲ್ಲ. ನೇರ ಸರ್ಫೇಸ್ ಪ್ಲೇಟ್ ಅನ್ನುವ ಸಮತಟ್ಟಾದ ಹಲಗೆ ಮೇಲೆ ಇಟ್ಟು ಬಗ್ಗಿ ನೋಡಿದರು.

"ನಡಾ ಕುಂತೈತ್ರಿ ಇದರದು. ಎಷ್ಟು ವಜನ ಬೀಳತೈತಿ?"

"ಹನ್ನೆರಡು ಕೆಜಿ ಮಾಮಾ. ಹಗಲೂ ರಾತ್ರಿ."

"ಹಂಗಾರ ಹಿತ್ತಾಳಿ ಹಾಕೂಣು. ಇದನ್ನ ಒತ್ತಿ ಸೀದಾ ಮಾಡೂದು ಬ್ಯಾಡ. ಡೈಕಾಸ್ಟ್ ಐತಿ, ಟಕ್ ಅಂತ ಮುರೀತೈತಿ."

ಇಷ್ಟು ಬೇಗ ಒಪ್ಪುತ್ತಾರೆ ಅಂದುಕೊಂಡಿರಲಿಲ್ಲ. ಒಂದೇ ಪೀಸಿನ ಕೆಲಸ ಯಾವ ಮಶೀನ್ ಶಾಪಿಗೂ ಬೇಡದ ಕೆಲಸ. ಕೊರೆಯುವುದು ಅರ್ಧ ಗಂಟೆ ಆದರೆ, ಜಾಬ್ ಕಟ್ಟಿ ಸೆಟ್ಟಿಂಗ್ ಮಾಡುವುದು ಎರಡು ಗಂಟೆ. ನೂರು ಪೀಸ್ ಇದ್ದರೆ ಆ ಎರಡು ಗಂಟೆ ನೂರರಲ್ಲಿ ಹಂಚಿಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ಮಾಮಾ ಒಂದು ಷರತ್ತು ಹಾಕಿದರು. ಡ್ರಾಯಿಂಗ್ ಬೇಕು, ಎಲ್ಲಾ ಅಳತೆ ಎಂಎಂನಲ್ಲೇ ಇರಬೇಕು, ಮತ್ತು ಮಧ್ಯಾಹ್ನ ಊಟದ ಹೊತ್ತಿಗೆ ಬರಬೇಕು, ಆಗ ಮಿಲ್ಲಿಂಗ್ ಮಶೀನ್ ಖಾಲಿ ಇರುತ್ತದೆ.

ಆ ಡ್ರಾಯಿಂಗ್ ಮಾಡಲು ನನಗೆ ಎರಡು ರಾತ್ರಿ ಹಿಡಿಯಿತು. ಮುಖ್ಯವಾದ ಅಳತೆಗಳು ಇಷ್ಟು. ಪೋಸ್ಟ್ ತೂತುಗಳ ನಡುವೆ 73. ತೂತಿನ ವ್ಯಾಸ 4 ಅಂತ ಬರೆದಿದ್ದೆ, ಮಾಮಾ 4.3 ಮಾಡಿಸಿದರು. ಅವರು ಹೇಳಿದ್ದು ಸರಿ. ತಂತಿಗಳ ಎಳೆತಕ್ಕೆ ಪೋಸ್ಟುಗಳು ಕುತ್ತಿಗೆ ಕಡೆ ಒಂದು ಚೂರು ವಾಲಿವೆ, ಬಿಗಿ ತೂತಿನಲ್ಲಿ ಕುದುರೆ ಇಳಿಯುತ್ತಲೇ ಇರಲಿಲ್ಲ. ಜೀನಿನ ಸ್ಕ್ರೂಗಳಿಗೆ ಆರು ತೂತು, ಅವು ಒಂದೇ ಗೆರೆಯಲ್ಲಿಲ್ಲ, ಆ 12 ಇಂಚಿನ ಕಮಾನಿನ ಮೇಲೆ: ಅಂಚಿನವು ಸೊನ್ನೆ, ಅದರ ಒಳಗಿನವು 0.65 ಮೇಲೆ, ನಡುವಿನವು 1 ಎಂಎಂ ಮೇಲೆ. ಹಳೇ ಜೀನುಗಳಲ್ಲಿ ನಾಲ್ಕು ಚೆನ್ನಾಗಿದ್ದವು. ಅವನ್ನೂ ಅವುಗಳ ಸ್ಕ್ರೂಗಳನ್ನೂ ಉಳಿಸಿಕೊಳ್ಳುವುದು. ಜಿ ಮತ್ತು ತೆಳ್ಳನೆಯ ಇ ತಂತಿಗಳಿಗೆ ಮಾತ್ರ ಹೊಸ ಜೀನು. ಆ ಇ ತಂತಿಯ ಜೀನಿನ ಅಂಚು ಒಡೆದು ಬ್ಲೇಡಿನಂತಾಗಿತ್ತು, ತಂತಿ ಹರಿಯುತ್ತಿದ್ದದ್ದು ಅಲ್ಲೇ.

ಹಿತ್ತಾಳೆ ಯಾಕೆ? ಬೆಳಗಾವಿ ಮಳೆಯಲ್ಲಿ ಬರೀ ಉಕ್ಕು ನಾಲ್ಕು ತಿಂಗಳಿಗೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಸಣ್ಣ ಥ್ರೆಡ್ ಬೇಗ ಸವೆಯುತ್ತದೆ. ಹಿತ್ತಾಳೆ ಸತುವಿನ ಅಚ್ಚಿಗಿಂತ ಕಾಲು ಪಾಲಿನಷ್ಟು ಹೆಚ್ಚು ಭಾರ, ಈ ಹೊರೆಗೆ ಹಾಗೆ ಬಾಗುವುದಿಲ್ಲ, ಕೊರೆಯಲು ಬೆಣ್ಣೆ. ವಾಲ್ವಿನ ಕೆಲಸಕ್ಕೆ ತರಿಸಿದ ಫ್ರೀ ಕಟಿಂಗ್ ಹಿತ್ತಾಳೆ ಸರಳಿನ ತುಂಡುಗಳು ಮಾಮಾನ ಶೆಡ್ಡಿನ ಮೂಲೆಯಲ್ಲೇ ಬಿದ್ದಿದ್ದವು.

ಮಿಲ್ಲಿಂಗ್ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಹಳದಿ ಪುಡಿ ಹಾರುತ್ತಾ ಹಾರುತ್ತಾ ಸರಳಿನೊಳಗಿನಿಂದ ಕಾಲುವೆ ಮೂಡಿ ಬರುವುದನ್ನು ನಾನು ಡಬ್ಬಿಯ ರೊಟ್ಟಿ ತಿನ್ನುವುದನ್ನೂ ಮರೆತು ನೋಡಿದೆ. ಕಷ್ಟ ಕೊಟ್ಟಿದ್ದು ಜೀನುಗಳೇ. ಒಂದೊಂದೂ ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. ಅದರ ನಡುವೆ ಎಂ2.5 ಟ್ಯಾಪ್ ಹೊಡೆಯಬೇಕು, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯಬೇಕು. ಅದಕ್ಕೆ ಮೊದಲು 2.05 ಎಂಎಂ ತೂತು. ಮಾಮಾನ ಹತ್ತಿರ 2 ಎಂಎಂ ಡ್ರಿಲ್ ಇತ್ತು. ನಡೆಯುತ್ತದೆ ಅಂತ ಅದರಲ್ಲೇ ತೂತು ಹೊಡೆದು ಟ್ಯಾಪ್ ತಿರುಪಿದರು. ಎರಡನೇ ಜೀನಿನಲ್ಲಿ ಟ್ಯಾಪ್ ಟಿಕ್ ಅಂತು. ಅರ್ಧ ಒಳಗೆ, ಅರ್ಧ ಕೈಯಲ್ಲಿ.

ಮಾಮಾ ಒಂದು ನಿಮಿಷ ಸುಮ್ನೆ ನಿಂತರು. ಹುಡುಗನನ್ನು ಅಂಗಡಿಗೆ ಕಳಿಸಿ 2.1ರ ಡ್ರಿಲ್ ಮತ್ತು ಹೊಸ ಟ್ಯಾಪ್ ತರಿಸಿದರು. ಹೊಸ ಜೀನು ಕತ್ತರಿಸಿದರು. ಈ ಸಲ ಟ್ಯಾಪಿಗೆ ಎಣ್ಣೆ ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚೂರು ಹೊರಬರಲಿ ಅಂತ ಕಾಯುತ್ತಾ ಇಳಿಸಿದರು. ಹಳೇ ಸ್ಕ್ರೂ ಹಾಕಿ ತಿರುಗಿಸಿದಾಗ ಬೆರಳಿಗೆ ಸ್ವಲ್ಪವೂ ಸಡಿಲ ತಿಳಿಯಲಿಲ್ಲ. ಡ್ರಿಲ್ಲು, ಟ್ಯಾಪು ಸೇರಿ ಮಾಮಾ ತೆಗೆದುಕೊಂಡದ್ದು 1,800 ರೂಪಾಯಿ. ಜಾಸ್ತಿ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ತಂತಿ ಕೂರುವ ಗೀರು ಮಾತ್ರ ನಾನೇ ಮನೆಯಲ್ಲಿ ಹಾಕಿದೆ. ಇದಕ್ಕೆಂದೇ ಬರುವ ಫೈಲುಗಳ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಗ್ಯಾಸ್ ವೆಲ್ಡಿಂಗ್ ಮಾಡುವವರು ನಾಜಲ್ ತೂತು ಸ್ವಚ್ಛ ಮಾಡಲು ಬಳಸುವ ಸಣ್ಣ ಮುಳ್ಳುಸರಿಗೆಗಳ ಸೆಟ್ ಸಿಗುತ್ತದಲ್ಲ, ಅದು ಸಾಕು. ಬೇರೆ ಬೇರೆ ದಪ್ಪದ ದುಂಡು ಫೈಲುಗಳೇ ಅವು. ಗೀರು ತಂತಿಯ ಅರ್ಧ ದಪ್ಪದಷ್ಟು ಆಳ ಇದ್ದರೆ ಸಾಕು. ಅದಕ್ಕಿಂತ ಮುಖ್ಯ ಅದರ ಇಳಿಜಾರು. ಗೀರು ಟೇಲ್‌ಪೀಸ್ ಕಡೆಗೆ ಇಳಿಯಬೇಕು. ತಂತಿ ಜೀನಿನ ಮುಂದಿನ ಅಂಚಿನಲ್ಲೇ, ಒಂದೇ ಬಿಂದುವಿನಲ್ಲಿ, ಸ್ಪಷ್ಟವಾಗಿ ಬಿಡಬೇಕು.

ನಾನು ಮೊದಲು ಜಿ ಜೀನಿನ ಗೀರನ್ನು ಚಪ್ಪಟೆ ಹಾಕಿಬಿಟ್ಟೆ. ತಂತಿ ಬಿಗಿದು ಮೀಟಿದರೆ ಝೇಂಕಾರ! ಕಾಕಾ ಅಂದು ಅಲ್ಲೇ ಇದ್ದರು, ಅವರ ಜೊತೆ ತಂಬೂರಿ ಕಲಿಯುವ ಮೊಮ್ಮಗಳೂ ಬಂದಿದ್ದಳು. ಅವಳು ತಟ್ಟನೆ ಅಂದಳು, "ಅಜ್ಜಾ, ಜವಾರಿ ಬಂತು!" ಅವಳು ಹೇಳಿದ್ದು ಅಕ್ಷರಶಃ ನಿಜ. ತಂಬೂರಿಯ ಕುದುರೆ ಅಗಲ, ಮೇಲ್ಮೈ ಮೆಲ್ಲಗೆ ಬಾಗಿರುತ್ತದೆ. ತಂತಿ ಅದರ ಮೇಲೆ ಸವರುತ್ತಾ ಅದುರುತ್ತದೆ, ಕೆಳಗೆ ದಾರದ ಎಳೆ ಸರಿಸಿ ಆ ಝೇಂಕಾರವನ್ನು ಹದ ಮಾಡುತ್ತಾರೆ. ಇದೇ ಜವಾರಿ. ನಮ್ಮ ಪಕ್ಕದ ಮೀರಜಿನ ಕುಶಲಕರ್ಮಿಗಳು ತಲೆಮಾರುಗಳಿಂದ ಇದನ್ನೇ ಹದ ಮಾಡುತ್ತಾ ಬಂದಿದ್ದಾರೆ. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ತಂಬೂರಿಗೆ ಯಾವುದು ಪ್ರಾಣವೋ, ಗಿಟಾರಿನ ಈ ಜೀನಿಗೆ ಅದೇ ರೋಗ. ಎಂಟು ಹತ್ತು ಸಲ ಫೈಲ್ ಎಳೆದು ಇಳಿಜಾರು ಮಾಡಿದ ಮೇಲೆ ಝೇಂಕಾರ ನಿಂತಿತು. ಮೊಮ್ಮಗಳಿಗೆ ಸ್ವಲ್ಪ ಬೇಸರವಾಯಿತು ಅಂತ ಕಾಣುತ್ತದೆ.

ಉಳಿದ ಹೊಂದಾಣಿಕೆ ಬೇಗ ಆಯಿತು. ಟೇಲ್‌ಪೀಸನ್ನು ಮೇಲೆತ್ತಿದೆ, ತಂತಿಗಳು ಈಗ ಕುದುರೆಯ ಹಿಂದಿನ ಅಂಚಿಗೆ ತಾಗುವುದಿಲ್ಲ. 12ನೇ ಫ್ರೆಟ್ ಮೇಲೆ ದಪ್ಪ ಇ ತಂತಿಯ ಎತ್ತರ 2 ಎಂಎಂ, ತೆಳುವಿನದು 1.5. ಟ್ಯೂನರ್ ಇಟ್ಟುಕೊಂಡು ಒಂದೊಂದೇ ಜೀನು ಸರಿಸಿದೆ. ಜಿ ಮಾತ್ರ ಹಿಂದಿನ ಗೋಡೆಗೆ ತಾಗಿದರೂ ಸ್ವರ ಒಂದು ಕೂದಲಷ್ಟು ಏರೇ ಇತ್ತು. ಮೊದಲೆಲ್ಲ ಜಿ ತಂತಿ ಸುರುಳಿ ಸುತ್ತಿದ್ದು ಬರುತ್ತಿತ್ತು, ಈಗ ಬರುವುದು ಬರೀ ತಂತಿ, ಇದಕ್ಕೆ ಉದ್ದ ಜಾಸ್ತಿ ಬೇಕು. ಎಬಿಆರ್ ಮಾದರಿಯ ಕಾಲುವೆ ಕಿರಿದು. ಆದರೆ ಜೀನಿನ ಒಂದು ಮುಖ ನೆಟ್ಟಗೆ, ಇನ್ನೊಂದು ಇಳಿಜಾರು. ಅದನ್ನು ಬಿಚ್ಚಿ ತಿರುಗಿಸಿ ಹಾಕಿ, ಗೀರಿನ ಇಳಿಜಾರು ಮತ್ತೆ ಟೇಲ್‌ಪೀಸ್ ಕಡೆಗೆ ಬರುವಂತೆ ತೀಡಿದೆ. 1 ಎಂಎಂ ಮೇಲೆ ಜಾಗ ಸಿಕ್ಕಿತು. ಸ್ವರ ಕೂತಿತು.

ಬಿದ್ದುಹೋಗಿದ್ದ ಸರಿಗೆಯ ಬದಲು 17ರ ಹಳೇ ಗಿಟಾರ್ ತಂತಿಯನ್ನೇ ಬಾಗಿಸಿ ಹಾಕಿದೆ. ಅದು ಸ್ಪ್ರಿಂಗ್ ಉಕ್ಕು, ಹಿಡಿತ ಬಿಡುವುದಿಲ್ಲ. ಎ ತಂತಿ ಮೀಟಿದಾಗ ಮಾತ್ರ ಆ ಸರಿಗೆ ಸಣ್ಣಗೆ ಗುಂಯ್ ಅಂದಿತು. ಎರಡು ಕಡೆ ಉಗುರುಬಣ್ಣದ ಒಂದೊಂದು ಹನಿ ಇಟ್ಟ ಮೇಲೆ ಮುಕ್ಕಾಲು ಪಾಲು ಹೋಯಿತು, ಪೂರ್ತಿ ಹೋಗಿಲ್ಲ. ಆಂಪ್ಲಿಫೈಯರ್ ಹಚ್ಚಿದರೆ ಕೇಳುವುದಿಲ್ಲ, ರಾತ್ರಿ ಸುಮ್ನೆ ಕೂತು ಬಾರಿಸಿದರೆ ಕೇಳುತ್ತದೆ.

ಹಿತ್ತಾಳೆಯಿಂದ ದನಿ ಬದಲಾಯಿತಾ ಅಂತ ಗೊತ್ತಿರುವ ಹುಡುಗರು ಕೇಳುತ್ತಾರೆ. ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಲೋಹದ ಬಗ್ಗೆ ಜನ ವಾದ ಜಾಸ್ತಿ ಮಾಡುತ್ತಾರೆ. ಸ್ಪೋಕಿನ ತುಂಡಿನ ಮೇಲೆ ಹೊರಳಾಡುತ್ತಿದ್ದ ತಂತಿ ಈಗ ಗಟ್ಟಿ ಅಂಚಿನ ಮೇಲೆ ಕೂತಿದೆ, ದೊಡ್ಡ ವ್ಯತ್ಯಾಸ ಅದು. ನಿಮ್ಮ ಹತ್ತಿರ ನಿಜವಾದ ಹಳೇ ಗಿಬ್ಸನ್ ಇದ್ದರೆ ಹಿತ್ತಾಳೆಯ ಕುದುರೆ ಮಾಡಿಸುವ ಮುಂಚೆ ಆ ಕಾಲದ್ದೇ ಭಾಗ ಹುಡುಕಿ. ಅಲ್ಲಿ ಥ್ರೆಡ್ ಇಂಚಿನದೇ, ಹೊಂದುವ ಭಾಗಗಳು ಸಿಗುತ್ತವೆ. ಯಾವುದೇ ಆದರೂ ಹಳೆಯದನ್ನು ಎಸೆಯಬೇಡಿ. ಕಾಕಾನ ಕುಸಿದ ಕುದುರೆ, ಒಡೆದ ಜೀನು, ಸ್ಪೋಕಿನ ತುಂಡು ಮೂರನ್ನೂ ಒಂದು ಕುಂದಾ ಡಬ್ಬಿಯಲ್ಲಿ ಹಾಕಿ, ಅಳತೆಗಳ ಚೀಟಿ ಸೇರಿಸಿ ಗಿಟಾರ್ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.

ಗಣಪತಿ ಹಬ್ಬಕ್ಕೆ ಎಂಟು ದಿನ ಇರುವಾಗ ಗಿಟಾರ್ ಮನೆಗೆ ಹೋಯಿತು. ನಿಕಲ್ ಪ್ಲೇಟಿಂಗ್ ಮಾಡಿಸೋಣವಾ ಅಂತ ಕೇಳಿದ್ದೆ, ಕಾಕಾ ಬೇಡ ಅಂದರು. ಹಳದಿಯೇ ಇರಲಿ, ಉದ್ಯಮಬಾಗದ್ದು ಅಂತ ಕಾಣಲಿ ಅಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಕಪ್ಪಾಗಿತ್ತು. ಕಾಕಿ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ಬೆಳಗಲು ಹೊರಟಿದ್ದರಂತೆ. ಹುಳಿ ಉಕ್ಕಿನ ಸ್ಕ್ರೂಗಳಿಗೆ ತಾಗಿದರೆ ತುಕ್ಕು ಹಿಡಿಯುತ್ತದೆ ಅಂತ ಫೋನಿನಲ್ಲೇ ತಡೆದೆ. ಒಣ ಬಟ್ಟೆ ಸಾಕು ಅಂದೆ.

ಅಕ್ಟೋಬರಿನಲ್ಲಿ ತಂತಿ ಬದಲಾಯಿಸಲು ಬಂದಾಗ ಕುದುರೆಯನ್ನು ಮತ್ತೆ ಬೋರಲು ಇಟ್ಟು ಪಟ್ಟಿ ಹಿಡಿದೆ. ಬೆಳಕು ಕಾಣಲಿಲ್ಲ. ತೆಳ್ಳನೆಯ ಇ ತಂತಿ ಜುಲೈಯಿಂದ ಒಮ್ಮೆಯೂ ಹರಿದಿಲ್ಲ. ಮಾಮಾನಿಗೆ ಇದನ್ನು ಹೇಳಲು ಶೆಡ್ಡಿಗೆ ಹೋಗಿದ್ದೆ. ಅವರು ಡ್ರಾಯರ್ ಎಳೆದು ತೋರಿಸಿದರು. ಅದೇ ಅಳತೆಗೆ ಕತ್ತರಿಸಿದ ಇನ್ನೊಂದು ಹಿತ್ತಾಳೆ ತುಂಡು, ನನ್ನ ಡ್ರಾಯಿಂಗ್ ಹಾಳೆಯಲ್ಲಿ ಸುತ್ತಿ ಇಟ್ಟಿದ್ದರು. ಮೇಲೆ ಮಾರ್ಕರಿನಲ್ಲಿ ಬರೆದಿತ್ತು: ಕುದುರಿ, 73.